ಮೆಷಿನ್ ನಿಮ್ಮದು, ವೈರು ನನ್ನದು

ಅಣ್ಣನ ಮನೆ, ಹಿಂದಿನ ಕೋಣೆ
ಮಾರ್ಚ್ ಒಂಬತ್ತು, ಸೋಮವಾರ

ಮಾನ್ಯ ಅಧ್ಯಕ್ಷರೇ,

'ರೀ' ಎಂದು ಶುರುಮಾಡಲು ಕೈ ಹೋಗಿತ್ತು. ಹಳೆಯ ಅಭ್ಯಾಸ. ಆದರೆ ನಿಮ್ಮ ಪತ್ರ ಯಂತ್ರ ಹವ್ಯಾಸಿಗಳ ಸಂಘದ ಮುದ್ರೆಯಿರುವ ಕಾಗದದಲ್ಲಿ ಬಂದಿದೆ. ಕೆಳಗೆ ಹೆಸರಿನ ಜಾಗದಲ್ಲಿ ಪದವಿ. ಆದ್ದರಿಂದ ನಾನೂ ಪದವಿಗೇ ಬರೆಯುತ್ತಿದ್ದೇನೆ. ಗಂಡನಿಗೆ ಬರೆದಿದ್ದರೆ ಇಷ್ಟು ಮರ್ಯಾದೆ ಇರುತ್ತಿರಲಿಲ್ಲ.

ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಅರ್ಥವಾಗಲೆಂದು, ಎರಡನೆಯ ಸಲ ಸುಖಕ್ಕೆ. ಹೊಸ ಮೋಟಾರು ಹಾಕಿದರೂ ಮೆಷಿನ್ ನಿಂತಲ್ಲೇ ನಡುಗುತ್ತಿದೆಯಂತೆ. ಹಳೆಯದನ್ನು ಮರೆತು ಒಂದು ದಿನದ ಮಟ್ಟಿಗೆ ಬಂದು ವೈರಿಂಗ್ ಮಾಡಿಕೊಟ್ಟು ಹೋಗಬೇಕಂತೆ. ಆಗಲಿ, ಮರೆಯೋಣ. ಆದರೆ ಮರೆಯಬೇಕಾದ್ದು ಏನೇನು ಎಂದು ಮೊದಲು ಗೊತ್ತಿರಬೇಕಲ್ಲ?

ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಆ ಸಿಎನ್‌ಸಿ ಮೆಷಿನ್ನನ್ನು ನಾವಿಬ್ಬರೂ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಕೂತು ಕಟ್ಟಿದೆವು. ಚೌಕಟ್ಟಿನ ಬೋಲ್ಟು ನೀವು ಬಿಗಿದಿರಿ, ವೈರುಗಳನ್ನು ನಾನು ಎಳೆದೆ. ಮರದ ಮೇಲೆ ಅಕ್ಷರ ಕೆತ್ತಲು ಅದರ ತೋಳು ಹಿಂದೆ ಮುಂದೆ, ಅತ್ತ ಇತ್ತ, ಮೇಲೆ ಕೆಳಗೆ ಓಡಾಡಬೇಕು. ಓಡಿಸುವ ಸ್ಟೆಪ್ಪರ್ ಮೋಟಾರುಗಳು ತೋಳಿನ ಜೊತೆ ತಾವೂ ಓಡಾಡುತ್ತವೆ, ಅವುಗಳ ವೈರೂ ಓಡಾಡುತ್ತದೆ. ನಾನು ನಿಮ್ಮನ್ನು ಕಟ್ಟಿಕೊಳ್ಳುವ ಮೊದಲು ಬಟ್ಟೆ ಹೊಲಿದು ಬದುಕಿದವಳು. ಅಂಗಿಯ ತೋಳು ಹೊಲಿಯುವಾಗ ಮೊಣಕೈ ಮಡಿಸಲು ಸಡಿಲ ಬಿಡಬೇಕು, ಇಲ್ಲವಾದರೆ ಅಲ್ಲೇ ಹರಿಯುತ್ತದೆ. ವೈರಿಗೂ ಅದೇ ನ್ಯಾಯ. ಎಳೆಗಳನ್ನು ಬಲೆಯ ಕವಚಕ್ಕೆ ತೂರಿಸಿ, ಮಡಚುವ ಪ್ಲಾಸ್ಟಿಕ್ ಸರಪಳಿಯೊಳಗೆ ಆರಾಮಾಗಿ ಮಲಗಿಸಿ, ಸರಪಳಿಯ ಎರಡು ತುದಿಯಲ್ಲಿ ಮಾತ್ರ ಹಿಡಿದು ಕಟ್ಟಿದೆ. ಯಾವುದು ಯಾವ ಮೋಟಾರಿನದು ಎಂದು ಎರಡೂ ಕೊನೆಗೆ ಚೀಟಿ ಅಂಟಿಸಿದೆ. ಕೊರೆಯುವ ಮೊನೆಯನ್ನು ತಿರುಗಿಸುವ ಸ್ಪಿಂಡಲ್ಲಿನ ದಪ್ಪ ಕೇಬಲ್ಲನ್ನು ಬೇರೆ ದಾರಿಯಲ್ಲಿ ಕಳಿಸಿದೆ.

ನೀವು ಸಂಘದಲ್ಲಿ ನಿಂತು ಹೇಳಿದ್ದೇನು? "ನಮ್ಮನೆಯವಳು ಮೆಷಿನ್‌ಗೆ ಜಡೆ ಹಾಕ್ತಾಳೆ ಕಣ್ರೀ. ಇನ್ನೊಂದು ರಿಬ್ಬನ್ ಕಟ್ಟಿದ್ರೆ ಶಾಲೆಗೇ ಕಳಿಸಬಹುದು!" ಎಲ್ಲರೂ ನಕ್ಕರು. ನಾನೂ ನಕ್ಕೆ. ತಮಾಷೆ ಚೆನ್ನಾಗಿಯೇ ಇತ್ತು, ಅದನ್ನು ನಿಮ್ಮ ಕಡೆಯ ಜಮಾದಲ್ಲಿ ಬರೆದುಕೊಂಡಿದ್ದೇನೆ. ಆಮೇಲಿನದಕ್ಕೆ ಮಾತ್ರ ಜಮಾ ಇಲ್ಲ. ಊರೆಲ್ಲ ನಾವು ಕೆತ್ತಿದ ನಾಮಫಲಕ ತೂಗುಬಿಟ್ಟ ಮೇಲೆ ಒಂದನ್ನು ತಿರುಗಿಸಿ ನೋಡಿದರೆ ಹಿಂದೆ ನಿಮ್ಮೊಬ್ಬರ ಹೆಸರು. ಇನ್ನೊಂದನ್ನು ತಿರುಗಿಸಿದೆ, ಅಲ್ಲೂ ನೀವೇ. ಕೇಳಿದ್ದಕ್ಕೆ ಪೇಪರಿನಿಂದ ತಲೆ ಎತ್ತದೆ ಅಂದಿರಿ: "ನೀನು ಬರೀ ವೈರು ಕಟ್ಟಿದ್ದು ಕಣೇ. ಕೆತ್ತಿದ್ದು ಮೆಷಿನ್ನು."

ಮನೆ ಬಿಟ್ಟ ದಿನ ಸಾಮಾನು ಹಂಚಿಕೊಳ್ಳಲು ಬಡಗಿ ಅಣ್ಣನನ್ನು ಕರೆದುಕೊಂಡು ಬಂದಿದ್ದೆ. ಮೆಷಿನ್ನಿನ ಮಾತು ಬಂದಾಗ ನೀವು ಕಾಲ ಮೇಲೆ ಕಾಲು ಹಾಕಿ ಧಾರಾಳವಾಗಿ ಅಂದಿರಿ: "ಮೆಷಿನ್ ನಂದು. ವೈರು ಅವಳದು. ಬೇಕಾದ್ರೆ ಜಡೆ ಬಿಚ್ಕೊಂಡು ಹೋಗ್ಲಿ."

ಅಣ್ಣ ಮೆತ್ತಗೆ ಕೇಳಿದ, "ನಿಜವಾಗ್ಲೂ ಹೇಳ್ತಿದ್ದೀರಾ ಭಾವ?"

"ನನ್ನ ಮಾತಂದ್ರೆ ಮಾತು," ಅಂದಿರಿ.

ನಾನು ಬಾಗಿಲು ಹಾಕಿಕೊಂಡು ಬಿಚ್ಚಲು ಕೂತೆ. ಒಂದೂ ಎಳೆ ಕತ್ತರಿಸಲಿಲ್ಲ. ಸರಪಳಿ, ಕವಚ, ಚೀಟಿ, ಕೊನೆಯ ಪಟ್ಟಿಯವರೆಗೆ ಎಲ್ಲ ಸುತ್ತಿ ಚೀಲಕ್ಕೆ ಹಾಕಿ ಹೊರಗೆ ಬಂದಾಗ ನಿಮ್ಮ ಮೆಷಿನ್ನು ಪುಕ್ಕ ಕಿತ್ತ ಕೋಳಿಯಂತೆ ನಿಂತಿತ್ತು. ಆಗಲೂ ನೀವು ನಗುತ್ತಿದ್ದಿರಿ, ಆದರೆ ಹಲ್ಲು ಮಾತ್ರ ಕಾಣುತ್ತಿತ್ತು.

ಇನ್ನು ಸಂಘದಲ್ಲಿ ನೀವು ಮೆಷಿನ್ನಿನ ಪ್ರದರ್ಶನ ಇಟ್ಟ ದಿನ. ಗ್ರಂಥಾಲಯದ ಹೊಸ ಕಟ್ಟಡಕ್ಕೆಲ್ಲ ಫಲಕ ಬೇಕೆಂದು ಮೇಲ್ವಿಚಾರಕಿಯೇ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಅವರ ಪಕ್ಕ ಅತ್ತೆ. ನಾನು ಹಿಂದೆ, ಚಹಾದ ಮೇಜಿನ ಹತ್ತಿರ. ಆ ಕೆಲಸ ಯಾರಿಗೆ ಸಿಕ್ಕರೆ ಅವರು ಬದುಕಿದಂತೆ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ನಿಮ್ಮ ಹತ್ತಿರ ಮೆಷಿನ್ನಿತ್ತು. ನನ್ನ ಹತ್ತಿರ ಒಂದು ಚೀಲ ವೈರು.

ಪರದೆ ಸರಿಸಿದ ಕೂಡಲೇ ನನಗೆ ಕಂಡಿತು. ಕರೆಗಂಟೆಗೆ ಎಳೆಯುವ ಗಟ್ಟಿ ಒಂಟಿ ಎಳೆಯ ವೈರು, ಮೇಲೆ ಟೇಪು. ಸರಿಯಾಗಿ ತೋಳು ತಿರುಗುವ ಮೂಲೆಯಲ್ಲಿ ಉಸಿರು ಕಟ್ಟುವಂತೆ ಬಿಗಿದಿದ್ದಿರಿ. ನೋಡಲು ನೀಟಾಗಿತ್ತು, ಒಪ್ಪುತ್ತೇನೆ. ಅಂಥ ವೈರು ಹೊರಗೆ ಹರಿಯುವುದಿಲ್ಲ. ಹೊದಿಕೆ ನೆಟ್ಟಗಿರುತ್ತದೆ, ಒಳಗೆ ತಾಮ್ರ ಮುರಿದಿರುತ್ತದೆ. ನಮ್ಮಿಬ್ಬರ ಸಂಸಾರ ಎಷ್ಟೋ ದಿನ ಹಾಗೆಯೇ ಓಡಿತ್ತಾದ್ದರಿಂದ ನನಗೆ ಗುರುತು ಹತ್ತುವುದು ಸುಲಭ.

"ಕಂಡಿದ್ದರೆ ಹೇಳಬಹುದಿತ್ತಲ್ಲ" ಎಂದು ಬರೆದಿದ್ದೀರಿ. ಹೇಳಬಹುದಿತ್ತು. ಹೇಳಲಿಲ್ಲ. ಚಹಾ ತೆಗೆದುಕೊಂಡು ಕುರ್ಚಿ ಎಳೆದು ಕೂತೆ. ಬರೀ ವೈರಿನ ವಿಷಯ, ಅಧ್ಯಕ್ಷರ ಭಾಷಣದ ನಡುವೆ ಏಕೆ?

ಮೊದಲ ಅಕ್ಷರ ಬಂತು. ಎರಡನೆಯದರ ಕೊಂಬು ತಿರುಗುವಲ್ಲಿ ತೋಳು ನಿಂತಿತು, ಗುರ್ ಎಂದು ನಡುಗಿತು, ಚಳಿಜ್ವರ ಬಂದವರ ಹಾಗೆ. ಸ್ಪಿಂಡಲ್ ಮಾತ್ರ ನಿಂತಲ್ಲೇ ಕೊರೆದು ಫಲಕವನ್ನು ತೂತು ಮಾಡಿತು. ಆ ಮೆಷಿನ್ನಿನ ಸದ್ದು ನನಗೆ ಗೊತ್ತು. ಅದು ಹಾಗೆ ನರಳಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಆ ಒಂದು ಗಳಿಗೆ ಲೋಟ ಕೆಳಗಿಟ್ಟೆ, ಅದನ್ನು ಮುಚ್ಚಿಡುವುದಿಲ್ಲ. ಆಗ ನಿಮ್ಮ ಮಾತು ಕೇಳಿಸಿತು: "ಇದೆಲ್ಲ ಹಿಂದೆ ಕೆಲಸ ಮಾಡಿದವರು ಬಿಟ್ಟು ಹೋದ ದೋಷ. ಈಗ ಸರಿಮಾಡ್ತೀನಿ ನೋಡಿ." ಲೋಟ ಮತ್ತೆ ಎತ್ತಿಕೊಂಡೆ.

ಅತ್ತೆಗೆ ಕಿವಿ ಮಂದ, ಗಂಟಲು ಮಂದವಲ್ಲ. ಇಡೀ ಸಭಾಂಗಣಕ್ಕೆ ಕೇಳುವಂತೆ, "ಅವಳಿದ್ದಾಗ ಇದು ಹೀಗೆ ಒದರ್ತಿರ್ಲಿಲ್ವಲ್ಲೋ!" ಅಂದರು. ನಿಮ್ಮ ಕಿವಿ ಕೆಂಪಾಯಿತು. ಕರೆಂಟು ಆರಿಸದೆ ಮೋಟಾರಿನ ಪ್ಲಗ್ಗನ್ನು ಕಿತ್ತಿರಿ, ತುರುಕಿದಿರಿ, ಮತ್ತೆ ಕಿತ್ತಿರಿ. ಕರೆಂಟು ಇರುವಾಗ ಅದನ್ನು ಮುಟ್ಟಬೇಡಿ ಎಂದು ಆ ಪ್ಲಗ್ಗಿರುವ ಪೆಟ್ಟಿಗೆಯ ಮೇಲೆ ನಾನು ಕೆಂಪು ಅಕ್ಷರದಲ್ಲಿ ಬರೆದು ಅಂಟಿಸಿದ್ದೆ. ಆ ಚೀಟಿಯೂ ವೈರಿನ ಪಾಲಿಗೆ ಬರುತ್ತದೆಂದು ತೆಗೆದುಕೊಂಡು ಹೋಗಿದ್ದೆ, ಹೌದು. ಚಟ್ ಎಂದಿತು, ವಾಸನೆ ಬಂತು. "ಮೋಟಾರು ಸುಟ್ಟುಹೋಯ್ತು, ಕಂಪನಿ ಮಾಲೇ ಕಳಪೆ" ಎಂದು ಘೋಷಿಸಿದಿರಿ. ಮೇಲ್ವಿಚಾರಕಿ ಕೈಚೀಲ ಎತ್ತಿಕೊಂಡು ಎದ್ದರು. ಹೊರಗೆ ಹೋಗುವಾಗ ಚಹಾದ ಮೇಜಿನ ಹತ್ತಿರ ನಿಂತು, ಮೊದಲು ನಮ್ಮ ಮನೆಗೆ ಬಂದು ಮೆಷಿನ್ ನೋಡಿದ್ದು ನೆನಪಿಸಿಕೊಂಡು, "ಅವತ್ತಿನ ಆ ವೈರಿನ ಜೋಡಣೆ ಯಾರದ್ದಮ್ಮ?" ಎಂದು ಕೇಳಿದರು. ನನ್ನದೆಂದೆ. ಅಷ್ಟೇ ಹೇಳಿದ್ದು. ಉಳಿದದ್ದನ್ನೆಲ್ಲ ನೀವೇ ವೇದಿಕೆಯ ಮೇಲೆ ಹೇಳಿ ಮುಗಿಸಿದ್ದಿರಿ.

ಆದ್ದರಿಂದ ಉತ್ತರ: ನಾನು ಬರುವುದಿಲ್ಲ. ಒಂದು ದಿನಕ್ಕೂ ಇಲ್ಲ, ಅರ್ಧ ದಿನಕ್ಕೂ ಇಲ್ಲ. ಪತ್ರದ ಕೊನೆಯಲ್ಲಿ "ಬಂದರೆ ಉಳಿದುಕೊಂಡರೂ ಆಯಿತು" ಎಂದು ಒಂದು ಸಾಲು ಸೇರಿಸಿದ್ದೀರಿ. ಅದನ್ನು ಬರೆದ ಶಾಯಿಯ ಬಣ್ಣ ಬೇರೆ. ಅತ್ತೆ ಹೇಳಿ ಬರೆಸಿದ್ದೆಂದು ಊಹಿಸಿದ್ದೇನೆ. ಅವರಿಗೆ ನನ್ನ ನಮಸ್ಕಾರ ತಿಳಿಸಿ, ಸ್ವಲ್ಪ ಜೋರಾಗಿ.

ಇಂತಿ,
ದೂರದಿಂದಲೇ ಗೌರವಿಸುವ,
ನಿಮ್ಮ ಮಾಜಿ ಪಾಲುಗಾರ್ತಿ

ಮರೆತ ಮಾತು: ಹಳೆಯ ಮೋಟಾರುಗಳನ್ನೆಲ್ಲ ಒಂದೊಂದಾಗಿ ಅದೇ ಪ್ಲಗ್ಗಿಗೆ ಹಾಕಿ ನೋಡಿದಿರಂತೆ, ಒಂದೂ ತಿರುಗಲಿಲ್ಲವಂತೆ, ಎಲ್ಲ ಸುಟ್ಟಿವೆ ಎಂದು ಗುಜರಿಯವನಿಗೆ ತೂಕಕ್ಕೆ ಹಾಕಿದಿರಂತೆ. ರೀ, ಅವತ್ತು ಸುಟ್ಟಿದ್ದು ಮೋಟಾರಲ್ಲ. ಆ ಪ್ಲಗ್ಗಿನ ಹಿಂದೆ ಮೋಟಾರಿಗೆ ಕರೆಂಟು ಅಳೆದು ಕೊಡುವ ಅಂಗೈಯಷ್ಟಗಲದ ಡ್ರೈವರ್. ಅದು ಅರ್ಧ ಸತ್ತಿರುವಾಗ ಅಲ್ಲಿಗೆ ಯಾವ ಮೋಟಾರು ಹಾಕಿದರೂ ನಡುಗುತ್ತದೆ, ನಿಮ್ಮ ಹೊಸದೂ ಅಷ್ಟೇ. ಗುಜರಿಯವನು ಅಣ್ಣನಿಗೆ ಗೊತ್ತಿರುವವನು, ಸುದ್ದಿ ಕೊಟ್ಟ. ಅದೇ ಸಂಜೆ ಮೋಟಾರುಗಳನ್ನೆಲ್ಲ ತಂದು, ಹೊಸ ಡ್ರೈವರು ಕೊಂಡು, ನನ್ನ ವೈರಿಗೆ ಸೇರಿಸಿದೆ. ಕೈಯಲ್ಲಿ ಮಲಗಿದ್ದ ಮಗು ಕಣ್ಣು ಬಿಟ್ಟ ಹಾಗೆ ತಿರುಗಿದವು. ಚೌಕಟ್ಟನ್ನು ಅಣ್ಣ ಕಟ್ಟಿಕೊಟ್ಟ, ಸ್ಪಿಂಡಲ್ಲು ಹೊಸದು ತಂದೆ. ಗ್ರಂಥಾಲಯದ ಕೆಲಸ ನನಗೇ ಸಿಕ್ಕಿದೆ, ಅದರ ಮೊದಲ ಫಲಕ ಇವತ್ತು ಬೆಳಗ್ಗೆ ಮುಗಿಯಿತು: 'ದಯವಿಟ್ಟು ಮಾತಾಡಬೇಡಿ.' ಅಳತೆ ನೋಡಲು ಕೆತ್ತಿದ ಒಂದು ಹೆಚ್ಚಾಗಿ ಉಳಿದಿತ್ತು, ಪತ್ರದ ಜೊತೆ ಕಳಿಸಿದ್ದೇನೆ. ಸಂಘದ ವೇದಿಕೆಯ ಎದುರಿನ ಗೋಡೆಗೆ ಹೊಡೆಸಿಕೊಳ್ಳಿ, ಭಾಷಣ ಮಾಡುವಾಗ ನಿಮಗೇ ಕಾಣುವ ಹಾಗೆ.