ನಾಲ್ಕಕ್ಕೆ ಬಾ

ಬರ್ನ್ಲಿ,
೧೮ ಮಾರ್ಚ್ ೧೯೫೬

ಪ್ರೀತಿಯ ತಂಗಿ ವಿನ್ನಿ,

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ, ಮುನಿಸಿಕೊಳ್ಳಬೇಡ. ಬಲಗೈ ಮಣಿಕಟ್ಟು ಊದಿಕೊಂಡು ಪೆನ್ನು ಹಿಡಿಯಲಾಗುತ್ತಿರಲಿಲ್ಲ. ಹೇಗೆ ಊದಿತು ಅಂತ ಈ ಹೊತ್ತಿಗೆ ನಿನ್ನ ಕಿವಿಗೂ ಬಿದ್ದಿರಬೇಕು. ನೀನು ಕಳಿಸಿದ ಶಾಲು ಬೆಚ್ಚಗಿದೆ.

ಪಕ್ಕದ ಮನೆಯ ಸ್ಟಾನ್ಲಿ ನೆನಪಿದ್ದಾನಲ್ಲ? ಗಿರಣಿ ಕೆಲಸಕ್ಕೆಂದು ಇಟಲಿಯಿಂದ ಬಂದಿದ್ದ ಅಸುಂತಾಳನ್ನು ಹೋದ ವರ್ಷ ಮದುವೆಯಾದ. ಇಪ್ಪತ್ತಮೂರರ ಹುಡುಗಿ. ಹೊಸದರಲ್ಲಿ ಹಿಂಬಾಗಿಲಿಂದ ನೇರ ಅಡುಗೆಮನೆಗೇ ನುಗ್ಗಿ, ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟು, ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಿದ್ದಳು! ನಾನೇ ಕೂರಿಸಿಕೊಂಡು ನಮ್ಮ ರೀತಿ ಕಲಿಸಿದೆ. "ಕರೀದೆ ಯಾರ ಮನೆಗೂ ಹೋಗ್ಬಾರ್ದು ಕಣೇ. ಹೇಳಿದ ಹೊತ್ತಿಗಿಂತ ಮುಂಚೆ ಬಾಗಿಲು ತಟ್ಬಾರ್ದು, ಐದು ನಿಮಿಷ ತಡ ಆದ್ರೇನೇ ಮರ್ಯಾದೆ. ಹೇಗಿದ್ದೀಯ ಅಂದ್ರೆ ಚೆನ್ನಾಗಿದ್ದೀನಿ ಅನ್ನು, ಅಷ್ಟೇ." ಜಾಣೆ, ಬೇಗ ಕಲಿತಳು. ಜನವರಿಯಲ್ಲಿ ಒಡೆದ ತುಟಿಯಲ್ಲೇ ಬಟ್ಟೆ ಒಣಹಾಕುತ್ತಿದ್ದಾಗ ಹೇಗಿದ್ದೀಯ ಅಂದೆ. "ಚೆನ್ನಾಗಿದ್ದೀನಿ, ಎಡ್ನಾ ಆಂಟಿ." ಒಳ್ಳೇ ಬಿಸಿಲು ಅಂದು ನಾನೂ ಒಳಗೆ ಬಂದೆ.

ಮೂರನೇ ತಾರೀಖು, ಶನಿವಾರ, ಪಾದ್ರಿಯವರ ಹೆಂಡತಿ ಮಿಸೆಸ್ ಹಾರ್ಗ್ರೀವ್ಸ್ ಚಹಾಕ್ಕೆ ಬಂದಿದ್ದರು. ಅಮ್ಮನ ಹೂವಿನ ಕಪ್ಪುಗಳನ್ನು ಹೊರತೆಗೆದಿದ್ದೆ. ಮೂರೂಕಾಲಿಗೆ ಗೋಡೆಯಾಚೆ ಶುರುವಾಯಿತು. ಮೊದಲು ತಟ್ಟೆ ಒಡೆದ ಸದ್ದು, ಆಮೇಲೆ ಅವಳ ಕೂಗು, ಆಮೇಲೆ ತಲೆ ಗೋಡೆಗೆ ಬಡಿದದ್ದು. ಒಂದಲ್ಲ, ನಾಲ್ಕು ಸಲ. ಅಪ್ಪನ ಫೋಟೋ ಮೊಳೆಯಿಂದ ಕಳಚಿ ಬಿತ್ತು.

"ಮೋಡ ಆಗ್ತಿದೆ ಅಲ್ವಾ," ಎಂದರು ಮಿಸೆಸ್ ಹಾರ್ಗ್ರೀವ್ಸ್.

"ಸಂಜೆಗೆ ಮಳೆ ಬರ್ಬಹುದು. ಇನ್ನೊಂದು ತುಂಡು ಕೇಕ್ ತಗೊಳ್ಳಿ," ಎಂದೆ.

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ," ಎನ್ನುತ್ತಾ ಅವರು ಕೇಕ್ ತೆಗೆದುಕೊಂಡರು.

ಅವರನ್ನು ಕಳಿಸಿ ಹಿಂಬಾಗಿಲು ತೆಗೆದರೆ ಅಸುಂತಾ ಮೆಟ್ಟಿಲ ಮೇಲೆ ಕೂತಿದ್ದಳು, ತಲೆ ಚೌಕಟ್ಟಿಗೆ ಒರಗಿತ್ತು. ಕಿವಿಯಿಂದ ಹರಿದ ರಕ್ತದಲ್ಲಿ ಏಪ್ರನ್ ತೊಯ್ದಿತ್ತು. ಉಸಿರಿತ್ತು, ಮಾತಿರಲಿಲ್ಲ. ಎದುರುಮನೆಯವರನ್ನು ಆಂಬುಲೆನ್ಸಿಗೆ ಓಡಿಸಿ, ಒಲೆ ಕೆದಕುವ ಕಬ್ಬಿಣದ ಸಲಾಕೆ ಹಿಡಿದು ಅವನ ಮನೆಗೆ ನುಗ್ಗಿದೆ. ಅವನು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ.

"ಬಾಗಿಲು ತಟ್ಟಿ ಬರೋದು ಗೊತ್ತಿಲ್ವೇನೇ ಮುದುಕಿ?"

ಬಾಯಿಗೇ ಬಾರಿಸಿದೆ. ಹಲ್ಲು ಬೆಣ್ಣೆಯ ಮೇಲೆ ಬಿದ್ದವು. ಎದ್ದು ಬಂದ, ಮೊಣಕಾಲಿಗೆ ಕೊಟ್ಟೆ. ಬಿದ್ದವನ ಕೈಮೂಳೆ ಮುರಿದ ಮೇಲೂ ಹೊಡೆದೆ. ಪೊಲೀಸರು ಬಂದು ಸಲಾಕೆ ಕಿತ್ತುಕೊಂಡರು. ನನಗೆ ಕಿಂಚಿತ್ತೂ ಪಶ್ಚಾತ್ತಾಪವಿಲ್ಲ ವಿನ್ನಿ, ಇನ್ನೆರಡು ಏಟು ಬಿದ್ದಿದ್ದರೆ ಚೆನ್ನಾಗಿತ್ತು.

ಅಸುಂತಾ ಮಂಗಳವಾರ ತೀರಿಕೊಂಡಳು. ಅವನು ಜೈಲಿನಲ್ಲಿದ್ದಾನೆ. ನನ್ನನ್ನು ಇನ್‌ಸ್ಪೆಕ್ಟರ್ ಚಹಾ ಕೊಟ್ಟು ಮನೆಗೆ ಕಳಿಸಿದ. ಬೀದಿಯವರೆಲ್ಲ "ಎಡ್ನಾದು ಗಂಡೆದೆ" ಅಂತ ಹೊಗಳಿದ್ದೇ ಹೊಗಳಿದ್ದು. ಅವರಿಗೂ ಗೋಡೆಗಳಿದ್ದವು, ಕಿವಿಗಳಿದ್ದವು.

ನಿನ್ನ ಮಕ್ಕಳನ್ನು ದೇವರು ತಣ್ಣಗಿಟ್ಟಿರಲಿ. ಚಿಕ್ಕವಳು ಹೇಳದೆ ಕೇಳದೆ ಕಂಡವರ ಮನೆಗೆ ನುಗ್ಗುತ್ತಾಳೆ ಅಂತ ನೀನು ಬರೆದಿದ್ದೆ. ಬೈಯಬೇಡ, ನುಗ್ಗಲಿ ಬಿಡು.

ನಿನ್ನ ಅಕ್ಕ,
ಎಡ್ನಾ

ತಾ.ಕ.: ಪೊಲೀಸರಿಗೆ ಹೇಳದ್ದನ್ನು ನಿನಗೆ ಹೇಳುತ್ತೇನೆ. ಮೂರೂವರೆಗೆ ಅವಳು ಹಿಂಬಾಗಿಲು ತಟ್ಟಿದ್ದಳು. ಸ್ವಲ್ಪವೇ ತೆಗೆದೆ. ತಲೆಗೆ ಟವಲು ಒತ್ತಿ ಹಿಡಿದಿದ್ದಳು. "ಕ್ಷಮಿಸಿ ಆಂಟಿ, ಕರೀದೆ ಬಂದೆ," ಅಂದಳು. "ಮನೇಲಿ ಜನ ಇದ್ದಾರೆ ಕಣೇ, ನಾಲ್ಕಕ್ಕೆ ಬಾ," ಅಂದೆ. "ಪರವಾಗಿಲ್ಲ," ಅಂದಳು. ಬಾಗಿಲು ಹಾಕಿಕೊಂಡೆ. ಎಲ್ಲಿಗಾದರೂ ಹೋಗಿರುತ್ತಾಳೆ ಅಂದುಕೊಂಡೆ. ಅವಳು ನಾಲ್ಕಾಗುವುದನ್ನೇ ಕಾಯುತ್ತಾ ಅಲ್ಲೇ ಕೂತಿದ್ದಳು. ನಾನು ಬಾಗಿಲು ತೆಗೆದಾಗ ನಾಲ್ಕು ಗಂಟೆ ಐದು ನಿಮಿಷ.