ನಮ್ಮ ಸೌದೆ ಗೋಡೆಯಾದ ಬಗ್ಗೆ

ನಗರಸಭೆಯ ಕಟ್ಟಡ ವಿಭಾಗದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಮ್ಮ ಹಿತ್ತಲಿನ ಸೌದೆ ಗೋಡೆಯಲ್ಲ. ಇದನ್ನು ಐದು ಅರ್ಜಿಗಳಲ್ಲಿ ತಮಗೆ ತಿಳಿಸಿ ಸೋತು, ಈಗ ಊರಿನವರಾದರೂ ಓದಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ. ಹಿಮ ಬೀಳುವ ಈ ಬೆಟ್ಟದೂರಿನಲ್ಲಿ ಎಂಬತ್ತೊಂದು ವರ್ಷದ ನನ್ನ ತಾಯಿಯ ಕೋಣೆಯಲ್ಲಿ ಲೋಟದ ನೀರು ಬೆಳಗಾಗುವಷ್ಟರಲ್ಲಿ ಮಂಜುಗಡ್ಡೆಯಾಗಿರುತ್ತದೆ. ಹಿತ್ತಲಿನಲ್ಲಿ ಎರಡು ಚಳಿಗಾಲಕ್ಕಾಗುವಷ್ಟು ಸೌದೆ ಇದೆ. ಅದರಲ್ಲಿ ಒಂದು ಸೀಳನ್ನೂ ಮುಟ್ಟಕೂಡದೆಂದು ತಮ್ಮ ಆದೇಶವೂ ಇದೆ.

ತಮಗೆ ಕಡತ ಓದುವ ಬಿಡುವಿರಲಾರದು, ಮೊದಲಿನಿಂದ ಹೇಳುತ್ತೇನೆ. ಬೇಸಿಗೆಯ ಬಿರುಗಾಳಿಗೆ ನಮ್ಮ ಬೀದಿಯಲ್ಲಿ ಹನ್ನೊಂದು ಮರಗಳು ಬಿದ್ದವು. ಬೇಕಾದವರು ಉಚಿತವಾಗಿ ಒಯ್ಯಬಹುದೆಂದು ಧ್ವನಿವರ್ಧಕದಲ್ಲಿ ಕೂಗಿಸಿದ್ದು ತಮ್ಮದೇ ನಗರಸಭೆ. ದರ್ಜಿಯಾದ ನನಗೆ ಕತ್ತರಿ ಗೊತ್ತೇ ಹೊರತು ಕೊಡಲಿ ಗೊತ್ತಿಲ್ಲ. ಆದರೂ ಪುಕ್ಕಟೆ ಸಿಕ್ಕಿದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂಬಂತೆ ಒಂದು ವಾರ ತಳ್ಳುಗಾಡಿಯಲ್ಲಿ ಹೇರಿ ತಂದೆ. ಸೀಳಿದ್ದು ನಾನು. ಒಟ್ಟಿದ್ದು ನನ್ನ ಬಾಮೈದ. ಎಡವಟ್ಟಾದದ್ದು ಅಲ್ಲಿಯೇ.

ಬಾಮೈದ ಗಾರೆ ಕೆಲಸದವನು, ಮೂವತ್ತು ವರ್ಷ ಇಟ್ಟಿಗೆ ಇಟ್ಟ ಕೈ. ಎಲ್ಲರಂತೆ ಗುಡ್ಡೆ ಹಾಕಲು ಅವನ ಮನಸ್ಸು ಒಪ್ಪಲಿಲ್ಲ. ಹುರಿ ಕಟ್ಟಿದ, ತೂಕದ ಗುಂಡು ಇಳಿಬಿಟ್ಟ, ಸಾಲುಸಾಲಿಗೂ ರಸಮಟ್ಟ ಇಟ್ಟು ನೋಡಿದ, ಸಂದಿನ ಮೇಲೆ ಸಂದು ಬಾರದಂತೆ ಒಟ್ಟಿದ. “ಸಾಕು ಬಿಡೋ, ಉರಿಸೋದಕ್ಕೆ ತಾನೇ” ಎಂದರೆ, “ಉರಿಯೋವರೆಗಾದ್ರೂ ನೆಟ್ಟಗೆ ನಿಂತಿರ್ಲಿ ಭಾವ” ಎಂದ. ಆರಡಿ ಎತ್ತರ, ನಲವತ್ತಡಿ ಉದ್ದ ನಿಂತಿತು.

ಆಮೇಲೆ ತಮ್ಮ ಪರಿವೀಕ್ಷಕರು ಬಂದರು. “ಈ ಗೋಡೆಗೆ ಪರವಾನಗಿ ಎಲ್ರೀ?”

“ಅದು ಸೌದೆ ಸ್ವಾಮಿ.”

“ಸುಮ್ನೆ ಕಿವಿ ಮೇಲೆ ಹೂ ಇಡ್ಬೇಡಿ. ಸೌದೆನ ಇಷ್ಟು ನೆಟ್ಟಗೆ ಯಾರಾದ್ರೂ ಇಡ್ತಾರೇನ್ರೀ? ನಮ್ಮ ಕಚೇರಿ ಗೋಡೆನೇ ಇಷ್ಟು ನೆಟ್ಟಗಿಲ್ಲ!”

ಮರುದಿನ ನೋಟೀಸು ಬಂತು: ಅನಧಿಕೃತ ಗೋಡೆ, ವಿಚಾರಣೆ ಮುಗಿಯುವವರೆಗೆ ಯಥಾಸ್ಥಿತಿ ಕಾಯ್ದುಕೊಳ್ಳತಕ್ಕದ್ದು. ಒಂದನ್ನೂ ಎಳೆಯಬಾರದೆಂದು ತಮ್ಮವರು ಪ್ರತಿ ಸೀಳಿನ ತುದಿಗೂ ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋದರು. ವಿಚಾರಣೆ ಯಾವಾಗ? ಬರುವ ನಡುಬೇಸಿಗೆಯಲ್ಲಿ. ಮಾನ್ಯರೇ, ಗಾರೆಯಿಲ್ಲದ, ಪಾಯವಿಲ್ಲದ, ಗೆದ್ದಲು ತಿನ್ನಬಲ್ಲ ಗೋಡೆಯನ್ನು ತಾವು ಬೇರೆಲ್ಲಾದರೂ ಕಂಡಿದ್ದೀರಾ? ನಾನು ಮಡಿಸಿಟ್ಟ ಬಟ್ಟೆಯ ಅಟ್ಟಿಗೂ ನಾಳೆ ಪರವಾನಗಿ ಬೇಕಾದೀತೆ? ಪಕ್ಕದ ಮನೆಯ ಅಂಚೆಯವರು ತಮ್ಮ ಸೌದೆಯನ್ನು ಬೇಕಾಬಿಟ್ಟಿ ಸುರಿದಿದ್ದಾರೆ, ಅದು ಎರಡು ಸಲ ಬೀದಿಗೆ ಉರುಳಿದೆ. ಅವರಿಗೆ ನೋಟೀಸಿಲ್ಲ. ಅವರು ಬೆಚ್ಚಗಿದ್ದಾರೆ.

ಬಾಮೈದನನ್ನು ಬೈಯೋಣವೆಂದರೆ ಅವನು ನೋಟೀಸಿಗೆ ಚೌಕಟ್ಟು ಹಾಕಿಸಿ ತನ್ನ ಮನೆಯ ನಡುಮನೆಯಲ್ಲಿ ತೂಗುಹಾಕಿದ್ದಾನೆ. “ನನ್ನ ಕೆಲ್ಸ ಗೋಡೆ ಅಂತ ಸರ್ಕಾರ ಬರೆದುಕೊಟ್ಟಿದ್ದು ಇದೊಂದೇ ಭಾವ” ಎನ್ನುವಾಗ ಅವನ ಕಣ್ಣು ತುಂಬಿರುತ್ತದೆ. ಅಮ್ಮ ಮಾತ್ರ, “ಅವನಿಗೆ ಬಿರುದು, ನನಗೆ ನಡುಕ” ಎಂದು ಕಂಬಳಿ ಎಳೆದುಕೊಳ್ಳುತ್ತಾಳೆ.

ಬೇರೆ ಸೌದೆ ತರೋಣವೆಂದರೆ ಬೀದಿಯಲ್ಲಿ ಉಳಿದದ್ದನ್ನೆಲ್ಲ ತಮ್ಮ ಲಾರಿ ಒಯ್ದಾಗಿದೆ, ಕೊಳ್ಳೋಣವೆಂದರೆ ಹೊಲಿಗೆಯ ಕಾಸು ಸಾಲದು. ಹಾಗಾಗಿ ಅಮ್ಮನ ಕೋಣೆಯ ಅಗ್ಗಿಷ್ಟಿಕೆಗೆ ಮೊದಲು ಕುರ್ಚಿಗಳನ್ನು ಹಾಕಿದೆವು. ಆಮೇಲೆ ಪುಸ್ತಕದ ಗೂಡು. ಹೋದ ವಾರ ನಾನು ಬಟ್ಟೆ ಕತ್ತರಿಸುವ ಮೇಜು ಹೋಯಿತು, ಈಗ ನೆಲದ ಮೇಲೆ ಕೂತು ಕತ್ತರಿಸುತ್ತೇನೆ. ಹೊರಗಿನ ಮರ ಕಾನೂನಿನ ರಕ್ಷಣೆಯಲ್ಲಿ ನಿಂತಿದೆ, ಒಳಗಿನ ಮರ ಉರಿಯುತ್ತಿದೆ. ನನಗೆ ನಗು ಬರುತ್ತಿಲ್ಲ ಮಾನ್ಯರೇ, ಸಿಟ್ಟು ಬರುತ್ತಿದೆ.

ಆದ್ದರಿಂದ ಸೋತು ಒಪ್ಪಿಕೊಳ್ಳುತ್ತೇನೆ. ಅದು ಗೋಡೆಯೇ, ಅನಧಿಕೃತವೇ. ದಯವಿಟ್ಟು ಇಂದೇ ಕೆಡವಲು ಆದೇಶ ಕೊಡಿ. ದಿನಕ್ಕೆ ಹತ್ತು ಸೀಳಿನಂತೆ ನಾವೇ ಕೆಡವುತ್ತೇವೆ. ಅವಶೇಷಗಳನ್ನು ಅಗ್ಗಿಷ್ಟಿಕೆಯಲ್ಲಿ ವಿಲೇವಾರಿ ಮಾಡುತ್ತೇವೆ. ಬೂದಿಯ ಮೇಲೂ ನಂಬರು ಬರೆಯಬೇಕೆಂದರೆ ತಮ್ಮವರು ಬರಲಿ, ಅಡ್ಡಿಯಿಲ್ಲ. ಆದರೆ ಬೇಗ ಮಾಡಿ. ಮನೆಯಲ್ಲಿ ಮರದ ಸಾಮಾನೆಂದು ಉಳಿದಿರುವುದು ಅಮ್ಮ ಮಲಗುವ ಮಂಚವೊಂದೇ. ಇಂದು ಬೆಳಿಗ್ಗೆ ಅವಳೇ ಎದ್ದು ಹಾಸಿಗೆ ಸುತ್ತಿಟ್ಟು, “ಕಾಲಿನ ಕಡೆಯಿಂದ ಶುರು ಮಾಡಪ್ಪ” ಎಂದಳು.

ಇಂತಿ,
ತಮ್ಮ ಕಡತದಲ್ಲಿ ಗೋಡೆಯ ಮಾಲೀಕ,
ಮನೆಯಲ್ಲಿ ಅಮ್ಮನ ಮುಖ ನೋಡಲಾಗದ ದರ್ಜಿ