ಎಡಗಡೆಯ ವಿಮಾನ

ಜೂನ್ 4, ಭಾನುವಾರ ಸಂಜೆ

ಇವತ್ತೂ ಅದೇ ಗೋಳು. ಹೊಳೆಯ ಈಚೆ ರನ್‌ವೇಯಿಂದ ಆಚೆ ರನ್‌ವೇಗೆ... ಹತ್ತು ನಿಮಿಷದ ಹಾರಾಟ. ಟಿವಿಯಲ್ಲಿ ವಿಮಾನ ಹಾರಿಸುವ ನಮ್ಮ ಸಿಮ್ಯುಲೇಟರ್ ಆಟದಲ್ಲಿ ಇದಕ್ಕಿಂತ ಸಣ್ಣ ದಾರಿ ಇಲ್ಲ. ಅಷ್ಟರೊಳಗೇ ಬಾಮೈದ ಮಾಯ.

ಅವನು ಅವನ ಮನೆಯಲ್ಲಿ, ನಾನು ಹಾಲ್‌ನ ದೊಡ್ಡ ಟಿವಿಗೆ ಮೂಗು ತಾಗಿಸಿಕೊಂಡು. ಇಬ್ಬರ ಕಿವಿಗೂ ಹೆಡ್‌ಫೋನ್. ಪೈಲಟ್ ಕೂರುವುದು ಎಡ ಸೀಟಿನಲ್ಲಿ. ಆದ್ದರಿಂದ ಜೊತೆಗಾರ ಎಡಕ್ಕೇ, ಒಂದಿಷ್ಟು ಮುಂದೆ ಹಾರಬೇಕು, ಕಣ್ಣಿಗೆ ಬೀಳುತ್ತಲೇ ಇರಬೇಕು. ಇದು ನಾವಿಬ್ಬರೂ ಕೂತು ಮಾಡಿಕೊಂಡ ನಿಯಮ.

"ಎಲ್ಲೋ ಹೋದೆ?" ಎಂದೆ.

"ನಿಮ್ಮ ಎಡಕ್ಕೇ ಇದ್ದೀನಲ್ಲ ಭಾವ."

ತಲೆ ಮೇಲೆ ಹೊಡೆದ ಹಾಗೆ ಸುಳ್ಳು. ಇದ್ದಿದ್ದರೆ ಕಾಣುತ್ತಿರಲಿಲ್ಲವೇ? ಎಲ್ಲೋ ಅಡ್ಡದಾರಿ ಹಿಡಿದು, ನನಗಿಂತ ಮೊದಲು ಇಳಿದು ಬೀಗುವುದು ಇವನ ಉಪಾಯ. ಕೇರಂ ಆಡುವಾಗಲೂ ಕಾಯಿ ಕದಿಯುವ ವಂಶ ಇದು.

ಜೂನ್ 7, ಬುಧವಾರ

ನಾನು ಓಡಿಸುವ ಸ್ಕೂಲ್ ವ್ಯಾನಿನ ಎಡ ಮೈಗೆ ಉದ್ದನೆಯ ಗೀರು. ಮಕ್ಕಳು ಹತ್ತುವ ಬಾಗಿಲಿನಿಂದ ಹಿಂದಿನ ಚಕ್ರದವರೆಗೂ. ಪಕ್ಕದ ಮನೆ ಟೈಲರ್ ಕೆಲಸವೇ. ಸ್ಕೂಟರನ್ನು ನಮ್ಮ ಗೇಟಿಗೆ ಒತ್ತಿಯೇ ನಿಲ್ಲಿಸುತ್ತಾನೆ.

ಕೇಳಿದ್ದಕ್ಕೆ, "ನಿಮ್ಮ ವ್ಯಾನೇ ಗೇಟಿನ ಕಂಬಕ್ಕೆ ಉಜ್ಜಿದ್ದು ಸಾರ್. ನಾನೇ ನೋಡ್ದೆ" ಅಂದ. ನನಗೇ. ಇಷ್ಟು ವರ್ಷ ಸ್ಕೂಲ್ ಮಕ್ಕಳನ್ನು ಒಂದು ತರಚು ಗಾಯವೂ ಆಗದಂತೆ ಕರೆದೊಯ್ದು ತಂದವನಿಗೆ. ಇನ್ನು ಅವನ ಹತ್ತಿರ ಮಾತಿಲ್ಲ. ಹೊಲಿಯಲು ಕೊಟ್ಟ ಪ್ಯಾಂಟ್ ಬಟ್ಟೆ ವಾಪಸ್ ತರಬೇಕು.

ಜೂನ್ 11, ಭಾನುವಾರ

ವಿಮಾನ ಬದಲಾಯಿಸಿದೆ. ಹಳೆಯದಕ್ಕೆ ರೆಕ್ಕೆ ಕೆಳಗೆ. ಬಾಮೈದ ಅದರ ಮರೆಗೆ ಸೇರಿಕೊಳ್ಳುತ್ತಾನೋ ಏನೋ. ಈಗಿನದಕ್ಕೆ ರೆಕ್ಕೆ ತಲೆಯ ಮೇಲೆ. ಒಂದೇ ಎಂಜಿನ್, ನಿಧಾನ. ಸಣ್ಣ ರನ್‌ವೇಗೆ ಹೇಳಿ ಮಾಡಿಸಿದ ಹಾಗಿದೆ.

"ಒಳ್ಳೇ ಗಾಡಿ ಭಾವ. ಇಷ್ಟು ಹತ್ರಕ್ಕೆ ಎರಡೆರಡು ಎಂಜಿನ್ ಯಾಕೆ ಬೇಕು?" ಅಂದ. ಅವನು ಹೊಗಳಿದ ಕೂಡಲೇ ನನಗೆ ಅನುಮಾನ ಶುರುವಾಯಿತು.

ಸರಿಯಾಗೇ ಇತ್ತು ಅನುಮಾನ. ಮತ್ತೆ ಮಾಯ. ಇಳಿಯುವಾಗ ಡಿಕ್ಕಿ, ಪರದೆಯೆಲ್ಲ ಕಪ್ಪು. ಎಲ್ಲಿಂದ ನುಗ್ಗಿದನೋ... "ನೀವೇ ನನ್ನ ಮೇಲೆ ಬಂದ್ರಿ" ಎಂದು ವಾದ ಬೇರೆ. ಕಿಟಕಿಯ ಪಟ್ಟಿ ಅಡ್ಡ ಬಂದಿರಬೇಕು. ಇಲ್ಲದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಕೈಯಾಡಿಸಿದ್ದಾನೆ. ಈ ಆಟವನ್ನು ನಮ್ಮ ಮನೆಗೆ ತಂದು ಹಾಕಿಕೊಟ್ಟವನು ಅವನೇ ತಾನೆ.

ಜೂನ್ 14

ಇವಳು ತಟ್ಟೆ ಎತ್ತುತ್ತಾ, "ಸೌತೆಕಾಯಿ ಯಾಕ್ರೀ ಬಿಟ್ರಿ? ನಿಮಗಿಷ್ಟ ಅಂತ್ಲೇ ಹೆಚ್ಚಿದ್ದೆ" ಎಂದಳು.

ಬಡಿಸಿದ್ದರೆ ತಾನೇ ಬಿಡುವುದು? ನೋಡಿದರೆ ತಟ್ಟೆಯಲ್ಲಿ ಇದೆ. ಕೊನೆಗೆ ಮೆಲ್ಲಗೆ ಹಾಕಿ ನನ್ನ ಮೇಲೆ ಗೂಬೆ ಕೂರಿಸುವುದು. ಮಧ್ಯಾಹ್ನ ತಮ್ಮನ ಜೊತೆ ಫೋನಿನಲ್ಲಿ ಪಿಸುಪಿಸು. ನಾನು ಒಳಗೆ ಬಂದದ್ದೇ "ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಟ್ಟಳು. ಅಕ್ಕ ತಮ್ಮ ಸೇರಿ ಏನೋ ಹೂಡಿದ್ದಾರೆ.

ಜೂನ್ 20, ಮಂಗಳವಾರ

ಎರಡು ಜಡೆಯ ಹುಡುಗಿಯನ್ನು ಬಿಟ್ಟು ಬಂದೆನಂತೆ. ಅವಳಮ್ಮ ಸ್ಕೂಲಿನವರೆಗೂ ಬಂದು ಜಗಳಕ್ಕೆ ನಿಂತರು.

"ನಾನು ಅಲ್ಲೇ ಇದ್ದೆ ಅಂಕಲ್. ಬಾಗಿಲು ಹಿಡಿಯೋಕೆ ಕೈ ಚಾಚಿದ್ದೆ, ನೀವು ಹೊರಟೇಬಿಟ್ರಿ."

ಲೇಟಾಗಿ ಓಡಿ ಬಂದಿರಬೇಕು. ಹಾಗಂತ ಅವರಮ್ಮನಿಗೂ ಹೇಳಿದೆ. ಆದರೆ ಈ ಹುಡುಗಿ ಸುಳ್ಳು ಹೇಳುವವಳಲ್ಲ. ಸೀಟ್ ಹರಿದವಳು ತಾನೇ ಎಂದು ತಾನಾಗಿ ಬಂದು ಒಪ್ಪಿಕೊಂಡವಳು... ಊಟ ಸೇರಲಿಲ್ಲ.

ಜೂನ್ 25, ಭಾನುವಾರ ಸಂಜೆ

ಇವತ್ತು ಬಾಮೈದನ ಬಣ್ಣ ಬಯಲು ಮಾಡಲೇಬೇಕೆಂದು ಕೂತೆ. ಇದ್ದ ವಿಮಾನಗಳನ್ನೆಲ್ಲ ಜಾಲಾಡಿ, ಗಾಜಿನ ಗುಳ್ಳೆಯಂಥದೊಂದನ್ನು ಆರಿಸಿದೆ. ಎಂಜಿನ್ ಹಿಂದೆ, ರೆಕ್ಕೆ ಹಿಂದೆ. ಮುಂದೆ ಬರೀ ಗಾಜು. ವೇಗ ಸೊನ್ನೆ ಅನ್ನಬಹುದು, ಆದರೆ ಹೊಳೆ ದಾಟಲು ಸಾಕು. ಇನ್ನು ಮರೆಯಾಗಲು ಅವನಿಗೆ ಜಾಗವೇ ಇಲ್ಲ.

ಮೇಲೇರಿ ಸ್ವಲ್ಪ ಹೊತ್ತಿಗೆ ಮತ್ತೆ ಮಾಯ.

"ಬಲಕ್ಕೆ ಬಾರೋ" ಎಂದೆ.

ಬಂದ. ಬಾಲದ ಕೆಂಪು ಪಟ್ಟಿ, ಚಕ್ರ, ಎಲ್ಲ ಕಂಡಿತು. "ಈಗ ನನ್ನ ಮುಂದೆಯೇ ಎಡಕ್ಕೆ ದಾಟು" ಎಂದೆ. ದಾಟಿದ. ಪರದೆಯ ನಡುವಿನವರೆಗೆ ಇದ್ದ. ಆಮೇಲೆ ಇಲ್ಲ.

"ನೋಡೇ, ನಿನ್ನ ತಮ್ಮನ ಆಟ" ಎಂದು ಇವಳನ್ನು ಕೂಗಿದೆ.

ಬಂದು ನೋಡಿದಳು. "ಇಲ್ಲೇ ಇದೆಯಲ್ರೀ" ಎಂದು ಟಿವಿಯ ಎಡ ತುದಿಗೆ ಹೋಗಿ ಬೆರಳಿಟ್ಟಳು.

ಬೆರಳು ಕಾಣಲಿಲ್ಲ. ಇವಳೂ ಕಾಣಲಿಲ್ಲ. ತಲೆಯನ್ನು ಎಡಕ್ಕೆ ತಿರುಗಿಸಿದೆ. ಇವಳಿದ್ದಳು, ಬೆರಳಿತ್ತು, ಬೆರಳ ಪಕ್ಕದಲ್ಲಿ ಬಾಮೈದನ ವಿಮಾನ ಆರಾಮಾಗಿ ಹಾರುತ್ತಿತ್ತು. ಮತ್ತೆ ನೇರ ನೋಡಿದೆ. ಮೂರೂ ಇಲ್ಲ.

ಹೆಡ್‌ಫೋನ್‌ನಲ್ಲಿ ಅವನು, "ಭಾವ, ಬೈಬೇಡಿ. ನಿಮ್ಮನ್ನ ಕಣ್ಣಿನ ಡಾಕ್ಟರ್ ಹತ್ರ ಕರ್ಕೊಂಡು ಹೋಗು ಅಂತ ಅಕ್ಕಂಗೆ ಆಗ್ಲೇ ಹೇಳಿದ್ದೆ. ನಿಮಗೆ ಹೇಳೋಕೆ ಅವಳಿಗೂ ಧೈರ್ಯ ಬರ್ಲಿಲ್ಲ" ಎಂದ. ಅದೇ ಆ ಪಿಸುಪಿಸು.

ಗೀರು ಎಡಕ್ಕೆ. ಸೌತೆಕಾಯಿ ಇದ್ದದ್ದು ತಟ್ಟೆಯ ಎಡಕ್ಕೆ. ವ್ಯಾನಿನ ಬಾಗಿಲು ಎಡಕ್ಕೆ. ಆ ಮಗು ಕೈ ಚಾಚಿ ನಿಂತಿದ್ದದ್ದೂ... ಚಕ್ರದಿಂದ ಎಷ್ಟು ದೂರವಿದ್ದಳೋ. ಭಯವಾಗುತ್ತಿದೆ ನನಗೆ.

ಜೂನ್ 26, ಸೋಮವಾರ ಬೆಳಿಗ್ಗೆ

ಸ್ಕೂಲಿಗೆ ಫೋನ್ ಮಾಡಿ ಹೇಳಿದೆ. ಇವತ್ತು ವ್ಯಾನ್ ಬೇರೆಯವರು ಓಡಿಸುತ್ತಾರೆ.

"ನಾಳೆ ಬರ್ತೀರಲ್ಲ?" ಎಂದರು.

"ಡಾಕ್ಟರ್ ಏನಂತಾರೋ ನೋಡ್ಬೇಕು" ಎಂದೆ. ಎರಡು ಸಲ ಹೇಳಬೇಕಾಯಿತು.

ಬದಲಿ ಡ್ರೈವರ್ ಆಗಲೇ ಬಂದು ಗೇಟಿನ ಹತ್ತಿರ ಟೈಲರ್ ಜೊತೆ ಮಾತಾಡುತ್ತಿದ್ದಾನೆ. ನನ್ನ ವಿಷಯವೇ ಇರಬೇಕು. ಇರಲಿ. ಟೈಲರ್ ಹತ್ತಿರ ಹೋಗಿ ತಪ್ಪಾಯಿತು ಅನ್ನಬೇಕು, ಪ್ಯಾಂಟ್ ಬಟ್ಟೆ ಅಲ್ಲೇ ಇರಲಿ.

ಕೀ ಕೊಟ್ಟು ಕಳಿಸೋಣವೆಂದರೆ ಕೀ ಇಲ್ಲ. ಈಗ ತಾನೇ ಈ ಮೇಜಿನ ಮೇಲೆ ಇಟ್ಟಿದ್ದೆ. ಇವಳೇ ಎತ್ತಿಟ್ಟಿದ್ದಾಳೆ. ನಾನು ಮನಸ್ಸು ಬದಲಾಯಿಸಿ ವ್ಯಾನ್ ಹತ್ತಿಬಿಡುತ್ತೇನೆಂದು. ಇನ್ನೇನು ಕೂಗಿ ಕೇಳುವವನಿದ್ದೆ. ಬಾಯಿ ಮುಚ್ಚಿಕೊಂಡೆ. ಮೆಲ್ಲಗೆ ತಲೆಯನ್ನು ಎಡಕ್ಕೆ—